ಗದ್ದೆಯೂ ಅರಸನದೇ, ಮನೆಯೂ ಅದರದೇ: ಯುದ್ಧಕಾಲದ ಕಲ್ಪಿತ ಲೋಕಕ್ಕೆ ಕೊಡಗಿನ ಲೆಕ್ಕಾಚಾರ

ಯುದ್ಧ ನಡೆಯುತ್ತಿರುವ ಕಲ್ಪಿತ ಲೋಕವೊಂದನ್ನು ಕಟ್ಟಲು ಕೂತವರು ಸಾಮಾನ್ಯವಾಗಿ ನಕ್ಷೆಯಿಂದ ಶುರು ಮಾಡುತ್ತಾರೆ. ಬೆಟ್ಟ, ಹೊಳೆ, ಎರಡು ರಾಜ್ಯ, ನಡುವೆ ಒಂದು ಕೋಟೆ. ಆಮೇಲೆ ನಾಯಕ ಬರುತ್ತಾನೆ. ಒಂದು ಕಡೆ ಅರಸನಿಗೆ ಕೊಟ್ಟ ಮಾತು, ಇನ್ನೊಂದು ಕಡೆ ತಮ್ಮ, ತಂಗಿ, ತಾಯಿ. ಕಥೆ ಎಡವುವುದು ಇಲ್ಲೇ. ಕರ್ತವ್ಯವನ್ನು ಒಂದು ತಟ್ಟೆಗೂ ಕುಟುಂಬವನ್ನು ಇನ್ನೊಂದು ತಟ್ಟೆಗೂ ಹಾಕಿ ತೂಗಿದರೆ ಓದುವವರಿಗೆ ಉತ್ತರ ಮೊದಲೇ ಗೊತ್ತಾಗಿಬಿಡುತ್ತದೆ. ಕಣ್ಣೆದುರಿಗಿರುವ ತಂಗಿಗಿಂತ ಎಲ್ಲೋ ಇರುವ ಸಿಂಹಾಸನ ಯಾರಿಗೂ ದೊಡ್ಡದಾಗುವುದಿಲ್ಲ.

ಮನೆಯವರು ಉಣ್ಣುವ ಅಕ್ಕಿಯೇ ಅರಸನ ಸೇವೆಗಾಗಿ ಸಿಕ್ಕ ಗದ್ದೆಯಲ್ಲಿ ಬೆಳೆದದ್ದಾಗಿದ್ದರೆ ಮಾತೇ ಬೇರೆ. ಆಗ ಅರಸನನ್ನು ಬಿಟ್ಟರೆ ಮನೆ ಉಪವಾಸ, ಮನೆಯನ್ನು ಬಿಟ್ಟರೆ ಅರಸನಿಗೆ ಸೇವೆ ಸಲ್ಲಿಸಲು ಜನವೇ ಇಲ್ಲ. ಇಂಥ ಗಂಟನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಕೊಡಗಿನ ಜಮ್ಮಾ ಪದ್ಧತಿಯಲ್ಲಿ ಅದು ಸಿದ್ಧವಾಗಿಯೇ ಇದೆ.

ಜಮ್ಮಾ ಹಿಡುವಳಿ ಒಬ್ಬನದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಕೂಡುಕುಟುಂಬದ್ದು. ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಅರಸ ಕರೆದಾಗ ಒಕ್ಕದ ಗಂಡಸರು ಆಯುಧ ಹಿಡಿದು ಹೊರಡಬೇಕು. ಅದಕ್ಕೆ ಪ್ರತಿಯಾಗಿ ಕಂದಾಯ ಸಾಗು ಜಮೀನಿನ, ಅಂದರೆ ಪೂರ್ತಿ ಕಂದಾಯ ಕಟ್ಟುವ ಮಾಮೂಲಿ ಹಿಡುವಳಿಯ, ಅರ್ಧ. ಬ್ರಿಟಿಷರ ಕಾಲದ ದರದಲ್ಲಿ ನೂರು ಭಟ್ಟಿ ಗದ್ದೆಗೆ ಸಾಗುವಾದರೆ 10 ರೂಪಾಯಿ, ಜಮ್ಮಾ ಆದರೆ 5. ನೂರು ಭಟ್ಟಿ ಎಂದರೆ ಹೆಚ್ಚುಕಡಿಮೆ ಮೂರು ಎಕರೆ. ಗದ್ದೆಯ ಜೊತೆಗೆ ಬಾಣೆ, ಅಂದರೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಬಿಟ್ಟ ಕಾಡು. ಕರ್ತವ್ಯ ಅನ್ನುವುದು ಹೀಗೆ ಪತ್ರದಲ್ಲಿ ಬರೆದ, ಅಳತೆಗೆ ಸಿಗುವ ವಸ್ತು. ಕಲ್ಪಿತ ಲೋಕದಲ್ಲೂ ಅದನ್ನು ಅಳತೆಗೆ ಸಿಗುವಂತೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಂದು ಒಕ್ಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಲವತ್ತು ಜನ, ಅದರಲ್ಲಿ ಕೋವಿ ಹಿಡಿಯಬಲ್ಲ ಗಂಡಸರು ಒಂಬತ್ತು. ಮಕ್ಕಳು, ಮುದುಕರು ಸೇರಿ ತಲೆಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಎಂದರೆ ವರ್ಷಕ್ಕೆ ಏಳು ಟನ್ ದಾಟುತ್ತದೆ. ಭತ್ತದ ಲೆಕ್ಕದಲ್ಲಿ ಹನ್ನೊಂದು ಟನ್. ಹಳೆಯ ಬೇಸಾಯಕ್ಕೆ ಎಕರೆಗೆ ಒಂದು ಟನ್ ಎಂದಿಟ್ಟುಕೊಂಡರೆ ಹನ್ನೊಂದು ಎಕರೆ ಊಟಕ್ಕೇ ಹೋಯಿತು. ಬಿತ್ತನೆಗೆ ಎಕರೆಗೆ ಮೂವತ್ತು ಕಿಲೋ, ಆಳುಗಳಿಗೆ, ದೇವಸ್ಥಾನಕ್ಕೆ, ನೆಂಟರಿಗೆ ತೆಗೆದಿಟ್ಟರೆ ಹದಿನೈದು ಎಕರೆ ಬೇಕು. ನಾಟಿಗೆ ಮುಂಚೆ ನಾಲ್ಕು ಸಾಲು ಉಳುಮೆ ಎಂದರೆ ಅರವತ್ತು ಎಕರೆಯಷ್ಟು ಉಳುವ ಕೆಲಸ. ಒಂದು ಜೋಡಿ ಎತ್ತು ದಿನಕ್ಕೆ ಅರ್ಧ ಎಕರೆ ಉಳುತ್ತದೆ. ಐದು ಜೋಡಿ ಇದ್ದರೆ ಇಪ್ಪತ್ತನಾಲ್ಕು ದಿನ. ಏಳು ಜನ ಯುದ್ಧಕ್ಕೆ ಹೋಗಿ ಉಳುವವರು ಇಬ್ಬರೇ ಉಳಿದರೆ ಅರವತ್ತು ದಿನ. ಅಷ್ಟರಲ್ಲಿ ಸಸಿಮಡಿಯ ಸಸಿ ಬಲಿತುಹೋಗಿರುತ್ತದೆ. ಬಲಿತ ಸಸಿ ನೆಟ್ಟರೆ ತೆಂಡೆ ಒಡೆಯುವುದಿಲ್ಲ, ತೆನೆ ಕಮ್ಮಿ. ಹೀಗಾಗಿ ಅರಸನ ಕರೆ ಯಾವ ತಿಂಗಳಲ್ಲಿ ಬಂತು ಎನ್ನುವುದರ ಮೇಲೆ ಅದರ ಬೆಲೆ ನಿಂತಿದೆ. ಮಾಘದಲ್ಲಿ ಬಂದ ಕರೆ ಗೌರವ. ಆಷಾಢದಲ್ಲಿ ಬಂದರೆ ಮುಂದಿನ ವರ್ಷ ಮನೆಯಲ್ಲಿ ಎರಡು ಮಕ್ಕಳು ಉಳಿಯುವುದಿಲ್ಲ.

ಕೊಡಗಿನ ಪಂಚಾಂಗವೇ ಇದನ್ನು ಹೇಳುತ್ತದೆ. ನಾಟಿಯ ಕಾಲದಲ್ಲಿ ಆಯುಧಗಳು ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಅವು ಹೊರಬರುತ್ತವೆ. ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ತೊಳೆದು ಪೂಜಿಸಿ, ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುತ್ತಾರೆ. ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಪುತ್ತರಿಗೆ ಕೊಯ್ಲು. ಏಪ್ರಿಲ್ ನಡುವಿನ ಎಡಮ್ಯಾರು ಹಬ್ಬಕ್ಕೆ ಮೊದಲ ಉಳುಮೆ. ನೆಮ್ಮದಿಯಾಗಿ ಯುದ್ಧ ಮಾಡಲು ಸಿಗುವುದು ಪುತ್ತರಿಯಿಂದ ಎಡಮ್ಯಾರಿನವರೆಗಿನ ನಾಲ್ಕು ತಿಂಗಳು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಕೊಡಗಿಗೆ ನುಗ್ಗಿದ್ದು ಏಪ್ರಿಲಿನ ಮೊದಲ ದಿನಗಳಲ್ಲಿ. ಕಂಪನಿಯ ವಿರುದ್ಧ 1837ರ ಅಮರಸುಳ್ಯ ದಂಗೆ ಎದ್ದದ್ದು ಮಾರ್ಚ್ ಕೊನೆಯಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯ ಸುತ್ತ ಜುಲೈನಲ್ಲಿ ಕೋವಿಯ ಮದ್ದು ಒಣಗುವುದಿಲ್ಲ, ಎತ್ತಿನ ಕಾಲು ಕೆಸರಿನಿಂದ ಮೇಲೇಳುವುದಿಲ್ಲ. ಹನ್ನೆರಡು ತಿಂಗಳೂ ಕತ್ತಿ ಝಳಪಿಸುವ ಕಲ್ಪಿತ ಲೋಕ ನನಗೆ ನಂಬಿಕೆ ಹುಟ್ಟಿಸುವುದಿಲ್ಲ. ಅಲ್ಲಿ ಯಾರೂ ಉಣ್ಣುತ್ತಿಲ್ಲ ಅನ್ನಿಸುತ್ತದೆ.

ಇಲ್ಲೊಂದು ಮಾತು ಬಿಡುವಂತಿಲ್ಲ. ಜಮ್ಮಾ ಗದ್ದೆಗಳ ಕೆಸರಿನಲ್ಲಿ ದುಡಿದವರಲ್ಲಿ ಯರವ ಬುಡಕಟ್ಟಿನ ಜೀತದವರೂ ಇದ್ದರು. ಅವರ ಹೆಸರು ಯಾವ ಪತ್ರದಲ್ಲೂ ಇಲ್ಲ, ಅವರಿಂದ ಯಾರೂ ಪ್ರಮಾಣ ಕೇಳಲಿಲ್ಲ. ಶ್ರೀಮಂತ ಮನೆತನದ ಧರ್ಮಸಂಕಟ ಬರೆಯುವವರು ಈ ಜನವನ್ನು ಹಿನ್ನೆಲೆಯಲ್ಲಿ ನಿಲ್ಲಿಸಿ ಮರೆಯುತ್ತಾರೆ. ಒಡೆಯ ಪಕ್ಷ ಬದಲಿಸಿದ ರಾತ್ರಿ ಮೊದಲು ಸುಡುವುದು ಗದ್ದೆ ಬದಿಯ ಅವರ ಗುಡಿಸಲು. ಅವರಲ್ಲೂ ಅಣ್ಣತಮ್ಮಂದಿರಿದ್ದಾರೆ, ಅವರಿಗೂ ಒಂದು ನಿಷ್ಠೆಯಿದೆ. ಅದು ಯಾರ ಕಡೆಗೆ ಎಂಬುದನ್ನು ನಿಮ್ಮ ನಾಯಕ ಒಮ್ಮೆಯಾದರೂ ಕೇಳಲೇಬೇಕು.

ಪ್ರಮಾಣದ ವಿಷಯಕ್ಕೆ ಬರೋಣ. ಬರೆಯುವ ಮೊದಲು ಪ್ರಮಾಣವಚನವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು. ಮೂರು ಷರತ್ತು ಸಾಕು: ಎಷ್ಟು ಜನ ಬರುತ್ತೇವೆ, ಎಷ್ಟು ದಿನ ಇರುತ್ತೇವೆ, ಯಾರ ಮೇಲೆ ಆಯುಧ ಎತ್ತುವುದಿಲ್ಲ. ಮೂರನೆಯದನ್ನು ಅಸ್ಪಷ್ಟವಾಗಿ ಬಿಡಿ. ಪ್ರಮಾಣ ಮಾಡಿದವನು ಮುತ್ತಜ್ಜ. ಆ ಹೊತ್ತಿಗೆ ಪಕ್ಕದ ನಾಡಿಗೆ ಹೆಣ್ಣು ಕೊಟ್ಟಿರಲಿಲ್ಲ. ಮೂರು ತಲೆಮಾರಿನ ಮೇಲೆ ಆ ನಾಡಿನ ಮೇಲೆಯೇ ದಂಡು ಹೊರಟಿದೆ. ಈಗ ಮುರಿಯಬೇಕಾದದ್ದು ತಾನು ಕೊಡದ ಮಾತು, ಕೊಂದರೆ ಸಾಯುವವರು ತನ್ನವರು. ಕನ್ನಡದ ಹಳೆಯ ಯೋಧರು ಜೋಳವಾಳಿ (ಉಂಡ ಅನ್ನದ ಋಣ), ವೇಳೆವಾಳಿ (ಒಡೆಯನೊಡನೆ ಸಾಯುವ ಪ್ರತಿಜ್ಞೆ) ಎಂದು ಇಂಥ ಋಣಕ್ಕೆ ಪ್ರಾಣ ಕೊಟ್ಟವರು. ಹೊಯ್ಸಳ ಅರಸ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿಯನ್ನೂ ಸಂಗಡಿಗರನ್ನೂ ಕೂಡಿಕೊಂಡು ಪ್ರಾಣಬಿಟ್ಟ ಕಥೆ ಹಳೇಬೀಡಿನ ಕಂಬದ ಮೇಲೆ ಕಡೆದಿದೆ. ಅದನ್ನು ನೋಡಿ ಮೈನವಿರೇಳುತ್ತದೆ, ಆದರೆ ನನಗೆ ಪ್ರತಿ ಸಲ ಹೊಳೆಯುವ ಪ್ರಶ್ನೆ ಒಂದೇ: ಆ ಮನೆಯಲ್ಲಿ ಉಳಿದವರಿಗೆ ಮರುದಿನ ಅನ್ನ ಹಾಕಿದವರು ಯಾರು?

ನಿರ್ಧಾರವನ್ನು ನಾಯಕ ಒಬ್ಬನೇ ಕಿಟಕಿಯ ಬಳಿ ನಿಂತು ತೆಗೆದುಕೊಳ್ಳುವುದು ಇನ್ನೊಂದು ತಪ್ಪು. ಒಕ್ಕದಲ್ಲಿ ಹಾಗೆ ನಡೆಯುವುದಿಲ್ಲ. ಒಕ್ಕದ ಯಜಮಾನನಾದ ಹಿರಿಯ ಪಟ್ಟೆದಾರ, ಮೂಲಮನೆಯಾದ ಐನ್‌ಮನೆಯ ಕಯ್ಯಾಲೆಯಲ್ಲಿ (ಜಗಲಿಯಲ್ಲಿ) ಕೂತಿರುತ್ತಾನೆ. ಊರಿಗೊಬ್ಬ ತಕ್ಕ, ಅಂದರೆ ಮುಖಂಡ; ನಾಡಿಗೊಬ್ಬ ತಕ್ಕ. ಇವರ ಜೊತೆಗೆ ಅರುವ. ಬರೆಯುವವರಿಗೆ ಇಷ್ಟು ಉಪಯೋಗವಾಗುವ ಪಾತ್ರ ಇನ್ನೊಂದಿಲ್ಲ. ಅರುವ ಬೇರೆ ಒಕ್ಕದವನು, ಆದರೆ ಈ ಒಕ್ಕದ ಪರವಾಗಿ ಮಾತಾಡಲು ಬದ್ಧನಾದವನು. ಮದುವೆಯಲ್ಲಿ ಸಂಬಂಧ ಕೊಡುವಾಗ ಎರಡೂ ಕಡೆಯ ಅರುವರು ಎದುರುಬದುರು ನಿಂತು ಹೆಣ್ಣಿನ ಹಕ್ಕುಗಳನ್ನು ಒಂದೊಂದಾಗಿ ಕೇಳಿ ಹೇಳಿ, ಹನ್ನೊಂದು ಕಲ್ಲಹರಳುಗಳನ್ನು ಕೈ ಬದಲಾಯಿಸುತ್ತಾರೆ. ಆ ಹರಳು ಕೊಟ್ಟ ಅರುವ ಯುದ್ಧದ ದಿನ ಎಲ್ಲಿ ನಿಲ್ಲುತ್ತಾನೆ? ಅವನ ಸ್ವಂತ ಮನೆ ಅರಸನ ಪಕ್ಷ, ಅವನು ಬಾಯಾಗಿರುವ ಮನೆ ಎದುರು ಪಕ್ಷ. ನಾಯಕನ ಸಂಕಟವನ್ನು ಹೊರಗಿನಿಂದ ನೋಡಿ ಹೇಳಬಲ್ಲವನು ಅವನೊಬ್ಬನೇ.

ಕೊಟ್ಟ ಹೆಣ್ಣಿನ ಮಾತೂ ಬರಬೇಕು. ತವರಿಗೆ ಬಂದ ತಂಗಿ ಅಳುತ್ತಾ ಬೇಡಿಕೊಳ್ಳುವುದು ಬೇಡ. ಅವಳು ಲೆಕ್ಕ ಬಲ್ಲವಳು.

"ಅಣ್ಣಯ್ಯ, ದಂಡು ಹೊಳೆ ದಾಟಿದರೆ ಮೊದಲು ಸಿಗುವುದು ನಮ್ಮ ಮನೆ ಓಣಿ. ನಿಮ್ಮ ಕೋವಿ ಮೊದಲು ತಿರುಗುವುದು ಅಲ್ಲಿಗೇ."

"ನಾವು ಹೋಗದಿದ್ದರೆ ಈ ಗದ್ದೆ ಹೋಗುತ್ತದಲ್ಲ, ತಂಗಿ."

"ಹೋಗಬೇಡಿ ಅಂತ ನಾನೆಲ್ಲಿ ಹೇಳಿದೆ? ಎರಡು ದಿನ ಮೊದಲು ಹೇಳಿ ಕಳಿಸಿ, ಅಷ್ಟೇ."

ಎರಡು ದಿನ ಮೊದಲು ಹೇಳಿಕಳಿಸುವುದು ದ್ರೋಹ. ಆದರೆ ಎಷ್ಟು ಸಣ್ಣ ದ್ರೋಹ! ಓದುವವರು ತಾವೂ ಒಪ್ಪಿಬಿಡುವಷ್ಟು ಸಣ್ಣದು. ದೊಡ್ಡ ಕೇಡು ಯಾವಾಗಲೂ ಇಂಥ ಕೋರಿಕೆಯಿಂದ ಶುರುವಾಗಲಿ. ಆ ಎರಡು ದಿನದಲ್ಲಿ ಏನಾಗಬಹುದು ಎಂದು ಮತ್ತೆ ಲೆಕ್ಕ ಹಾಕಿ. ಕಾಡುದಾರಿಯಲ್ಲಿ ಒಳ್ಳೆಯ ಓಟಗಾರ ದಿನಕ್ಕೆ ಮೂವತ್ತು ಕಿಲೋಮೀಟರ್, ಮಳೆಯಲ್ಲಿ ಅದರ ಅರ್ಧ. ಸುದ್ದಿ ಸಿಕ್ಕ ಊರಿನವರು ಹೆಂಗಸರು ಮಕ್ಕಳನ್ನು ಸಾಗಿಸಿ ಸುಮ್ಮನಿರುವುದಿಲ್ಲ. ಮರ ಕಡಿದು ದಾರಿಗೆ ಅಡ್ಡ ಹಾಕುತ್ತಾರೆ. ಆ ಮರದ ಬಳಿ ಸಾಯುವುದು ನಾಯಕನ ಪಕ್ಕದ ಮನೆಯ ಹುಡುಗ.

ನೆಲದ ಮೇಲಿನ ಗುರುತಾಗಿ ಕಡಂಗವನ್ನು ಬಳಸಿಕೊಳ್ಳಬಹುದು. ಬೆಟ್ಟ, ಕಾಡು, ಬಯಲುಗಳನ್ನು ಹಾದು ಮೈಲಿಗಟ್ಟಲೆ ಸಾಗುವ ಆಳವಾದ ಕಂದಕ, ಅಗೆದ ಮಣ್ಣನ್ನೇ ಪಕ್ಕಕ್ಕೆ ಗೋಡೆಯಂತೆ ಏರಿಸಿದ್ದು. ಇಂದಿಗೂ ಕಾಫಿ ತೋಟಗಳ ನಡುವೆ ಪೊದೆ ಮುಚ್ಚಿಕೊಂಡು ಬಿದ್ದಿವೆ. ನಿಮ್ಮ ಲೋಕದಲ್ಲಿ ಹತ್ತು ಕಿಲೋಮೀಟರ್ ಕಡಂಗ ಇದೆಯೆನ್ನಿ. ಐವತ್ತು ಮೀಟರಿಗೆ ಒಬ್ಬ ಕಾವಲುಗಾರ ಬೇಕಾದರೆ ಒಂದು ಜಾವಕ್ಕೆ ಇನ್ನೂರು ಜನ, ಮೂರು ಜಾವಕ್ಕೆ ಆರುನೂರು. ಒಂಬತ್ತು ಗಂಡಸರಿರುವ ಒಕ್ಕದ ಪಾಲಿಗೆ ಮೂರು ನಿಲ್ದಾಣ, ಅಂದರೆ ನೂರೈವತ್ತು ಮೀಟರ್. ಆ ಒಕ್ಕ ರಾತ್ರೋರಾತ್ರಿ ಮನೆ ಕಾಯಲು ಹೊರಟರೆ ತೆರೆದುಕೊಳ್ಳುವುದು ಅದೇ ನೂರೈವತ್ತು ಮೀಟರ್. ಅದರ ಹಿಂದಿರುವ ಮನೆಗಳು ಅರಸನದಲ್ಲ, ಪಕ್ಕದ ಒಕ್ಕಗಳದ್ದು. ಕುಟುಂಬನಿಷ್ಠೆಗೆ ಎದುರಾಗಿ ನಿಲ್ಲುವುದು ಸಿಂಹಾಸನವಲ್ಲ, ಇನ್ನೊಬ್ಬರ ಕುಟುಂಬ. ಇದು ಕಾಣಿಸಿದರೆ ಸಾಕು, ಕಥೆಯ ಮಟ್ಟವೇ ಬದಲಾಗುತ್ತದೆ.

ಕೊಡಗಿನ ಚರಿತ್ರೆಯಲ್ಲಿ ಇದಕ್ಕೆಲ್ಲ ಸಾಟಿಯಿಲ್ಲದ ಒಂದು ಘಟನೆಯಿದೆ. ಮೂರನೆಯ ಮೈಸೂರು ಯುದ್ಧದ ಹೊತ್ತು. ಮಡಿಕೇರಿ ಕೋಟೆ ಟಿಪ್ಪುವಿನ ಕಾವಲುಪಡೆಯ ಕೈಯಲ್ಲಿತ್ತು, ಹೊರಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಮುತ್ತಿಗೆ. ಒಳಗೆ ದವಸ ಮುಗಿಯುತ್ತಾ ಬಂದಿತ್ತು. ದವಸ ಹೊತ್ತು ಬಂದ ಮೈಸೂರಿನ ಪಡೆಯನ್ನು ಕೊಡಗರು ದಾರಿಯಲ್ಲೇ ಸುತ್ತುವರಿದರು. ಆ ಪಡೆಯ ಸರದಾರ ಖಾದರ್ ಖಾನ್. ವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಕಾಲದಲ್ಲಿ, 1788ರಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಳ್ಳುವ ಮೊದಲು, ಅವನ ಮನೆಯವರ ಮಾನ ಉಳಿಸಿದವನು ಇದೇ ಖಾದರ್ ಖಾನ್. ಅರಸ ಏನು ಮಾಡಿದ? ದವಸದ ಸಮೇತ ಅವನನ್ನು ಕೋಟೆಯೊಳಕ್ಕೆ ಹೋಗಲು ಬಿಟ್ಟ. ಆ ದವಸವೂ ತೀರಿ ಕೋಟೆ ಕೈಗೆ ಬಂದಾಗ ಒಳಗಿದ್ದವರನ್ನು ಕ್ಷೇಮವಾಗಿ ಕಳಿಸಿಕೊಟ್ಟ.

ಇದರ ಒಳಗನ್ನು ಬಿಡಿಸಿ ನೋಡಿ. ಸುಮ್ಮನೆ ಜೀವದಾನ ಮಾಡಿ ಹಿಂದಕ್ಕೆ ಕಳಿಸಿದ್ದರೆ ಬರಿಗೈಯಲ್ಲಿ ಹೋದ ಸರದಾರನ ಗತಿ ಟಿಪ್ಪುವಿನೆದುರು ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಅರಸ ಉಳಿಸಿದ್ದು ಅವನ ಪ್ರಾಣವನ್ನಷ್ಟೇ ಅಲ್ಲ, ಅವನ ಕರ್ತವ್ಯವನ್ನು. ಮನೆಯ ಋಣ ತೀರಿಸಲು ಶತ್ರುವಿನ ಸ್ವಾಮಿನಿಷ್ಠೆಗೆ ದಾರಿ ಬಿಟ್ಟ. ಅದೂ 1790ರ ಅಕ್ಟೋಬರಿನಲ್ಲಿ ಕಂಪನಿಯೊಡನೆ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡಿದ್ದ ಅರಸ! ಕಥೆಗೆ ಇದನ್ನು ತರುವಾಗ ಬೆಲೆಯನ್ನು ಮುಚ್ಚಬಾರದು. ಕಲ್ಪಿತ ಕೋಟೆಯೊಂದರಲ್ಲಿ ಮುನ್ನೂರು ಜನ, ತಲೆಗೆ ದಿನಕ್ಕೆ ಎಂಟುನೂರು ಗ್ರಾಂ ಎಂದರೆ ದಿನಕ್ಕೆ 240 ಕಿಲೋ. ಹೇರೆತ್ತು ಒಂದಕ್ಕೆ ಎಂಬತ್ತು ಕಿಲೋದಂತೆ ನೂರು ಎತ್ತು ಒಳಗೆ ಹೋದರೆ ಎಂಟು ಸಾವಿರ ಕಿಲೋ. ಒಂದು ಋಣಕ್ಕೆ ಮೂವತ್ತಮೂರು ದಿನ. ಆ ದಿನಗಳಲ್ಲಿ ಮುತ್ತಿಗೆಯ ಸಾಲಿನಲ್ಲಿ ಜ್ವರದಿಂದಲೋ ಗುಂಡಿನಿಂದಲೋ ಸತ್ತವರ ಮನೆಗಳಿವೆಯಲ್ಲ, ಅಲ್ಲಿ ಅರಸನ ಔದಾರ್ಯದ ಕಥೆಯನ್ನು ಯಾವ ಬಾಯಿಂದ ಹೇಳುತ್ತಾರೆ? ಆ ಮನೆಯಿಂದ ಒಬ್ಬ ಎದುರಾಳಿ ಹುಟ್ಟಿದರೆ ಅವನ ಕೋಪಕ್ಕೆ ನ್ಯಾಯವಿದೆ.

ಮುಂದಿನ ತಲೆಮಾರಿನಲ್ಲಿ ಇದೇ ಅರಮನೆಯಲ್ಲಿ ಅದು ತಿರುಗುಮುರುಗಾಯಿತು. ವೀರರಾಜೇಂದ್ರ ತನ್ನ ಮಗಳಿಗೆ ಪಟ್ಟ ಬಯಸಿ 1809ರಲ್ಲಿ ತೀರಿಕೊಂಡ. ಆಡಳಿತ ನೋಡಿಕೊಳ್ಳಬೇಕಾದ ತಮ್ಮ ಲಿಂಗರಾಜ ಎರಡು ವರ್ಷದಲ್ಲಿ ತಾನೇ ಅರಸನಾದ. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನಿಗೆ ಹೆದರಿ 1832ರಲ್ಲಿ ಅವನ ತಂಗಿ ದೇವಮ್ಮಾಜಿ, ಗಂಡ ಚೆನ್ನಬಸವನೊಂದಿಗೆ ಕಂಪನಿಯ ಆಶ್ರಯಕ್ಕೆ ಓಡಿದಳು. ಅವರನ್ನು ಒಪ್ಪಿಸಿ ಎಂದು ಅಣ್ಣ ಹಟ ಹಿಡಿದ. ಕಂಪನಿಗೆ ಅಷ್ಟು ನೆಪ ಸಾಕಾಯಿತು. ಮನೆಯ ಜಗಳಕ್ಕೆ ರಾಜ್ಯ ಹೋಗುವುದು ಕಟ್ಟುಕಥೆಯಲ್ಲ.

1834ರ ಏಪ್ರಿಲಿನಲ್ಲಿ ಕಂಪನಿಯ ದಂಡು ಹಲವು ದಿಕ್ಕಿನಿಂದ ನುಗ್ಗಿತು. ಉತ್ತರದ ಗಡಿಯಲ್ಲಿ ಕೊಡಗರು ಅದನ್ನು ಭಾರಿ ನಷ್ಟದೊಂದಿಗೆ ಹಿಮ್ಮೆಟ್ಟಿಸಿದರು. ಅದೇ ದಿನಗಳಲ್ಲಿ ದಿವಾನ ಅಪ್ಪರಂಡ ಬೋಪಣ್ಣ ಇನ್ನೊಂದು ದಿಕ್ಕಿನಲ್ಲಿ ಕಂಪನಿಯವರೊಡನೆ ಸಂಧಾನಕ್ಕೆ ಇಳಿದಿದ್ದ. ಗೆಲ್ಲುತ್ತಿರುವವರಿಗೆ ಸೋತ ಸುದ್ದಿ ತಲುಪಿಲ್ಲ, ಸಂಧಾನಕ್ಕೆ ಹೋದವರಿಗೆ ಗೆದ್ದ ಸುದ್ದಿ ತಲುಪಿಲ್ಲ. ಬೋಪಣ್ಣ ತನ್ನ ಅರಸನಿಗೆ ದ್ರೋಹ ಮಾಡಿದನೋ, ತನ್ನ ಜನವನ್ನು ಉಳಿಸಿದನೋ ಎಂಬ ವಾದ ಇನ್ನೂ ಮುಗಿದಿಲ್ಲ. ಮೂರು ವರ್ಷದ ಮೇಲೆ ದಂಗೆ ಎದ್ದಾಗ ಗುಡ್ಡೆಮನೆ ಅಪ್ಪಯ್ಯಗೌಡ ಒಂದು ಕಡೆ, ಬೋಪಣ್ಣ ಇನ್ನೊಂದು ಕಡೆ. ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ನೇಣಿಗೇರಿಸಿದರು. ಕಂಪನಿ ಪರ ನಿಂತವರಿಗೆ ಚಿನ್ನದ, ಬೆಳ್ಳಿಯ ಪದಕ ಬಂತು. ನಿಷ್ಠೆಗಾಗಿ ಎಂದು ಅದರ ಮೇಲೆ ಕೆತ್ತಿತ್ತು. ಇಬ್ಬರೂ ತಮ್ಮ ನಾಡಿಗೆ ನಿಷ್ಠರೆಂದೇ ನಂಬಿದ್ದರು ಅನ್ನುವುದು ನನ್ನ ಅಭಿಪ್ರಾಯ. ಕಥೆಯಲ್ಲಿ ಇಬ್ಬರಿಗೂ ಸಮಾನ ಪುಟ ಕೊಡುವ ಧೈರ್ಯ ಬೇಕು.

ಮಾಯೆಯ ಮಾತು ಕೊನೆಗಿಟ್ಟೆ, ಏಕೆಂದರೆ ಮೇಲಿನದೆಲ್ಲ ನಿಂತ ಮೇಲೇ ಅದನ್ನು ತರಬೇಕು. ಮಾಯೆ ಅಕ್ಕಿ ಹೊರಬಾರದು, ಸುದ್ದಿ ಒಯ್ಯಬಾರದು. ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ಕನ್ನಡಿಯೊಂದಿದ್ದರೆ ಮೇಲೆ ಹೇಳಿದ ಏಪ್ರಿಲಿನಂಥ ಸಂಕಟ ಹುಟ್ಟುವುದೇ ಇಲ್ಲ. ಕೊಡಗಿನ ಒಕ್ಕಗಳಲ್ಲಿ ಹಿರಿಯರಿಗೆ ಕೈಮಡ ಎಂಬ ಗುಡಿ ಇದೆ; ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಅವರ ಹೆಸರಿನ ದೀಪ ಉರಿಯುತ್ತದೆ; ಕಾರಣನ ತೆರೆ ಎಂಬ ಆರಾಧನೆಯಲ್ಲಿ ಸತ್ತ ಹಿರಿಯ ಮೈಮೇಲೆ ಬಂದು ಮಾತಾಡುತ್ತಾನೆ. ಇದನ್ನೇ ನಿಮ್ಮ ಲೋಕದ ನಿಯಮವಾಗಿಸಿ: ಸತ್ತವರು ವರ್ಷಕ್ಕೊಮ್ಮೆ ನಿಜವಾಗಿ ಉತ್ತರಿಸುತ್ತಾರೆ, ಆದರೆ ಸತ್ತ ದಿನದವರೆಗಿನದಷ್ಟೇ ಅವರಿಗೆ ಗೊತ್ತು. ಪ್ರಮಾಣ ಮಾಡಿದ ಮುತ್ತಜ್ಜನನ್ನು ಕೇಳಿದರೆ ಅವನು ಇಲ್ಲದ ಶತ್ರುವಿನ ಮೇಲೆ ಹೋಗು ಎನ್ನುತ್ತಾನೆ. ಮರಿಮಗಳನ್ನು ಎಲ್ಲಿಗೆ ಕೊಟ್ಟಿದೆ ಎಂಬುದೇ ಅವನಿಗೆ ತಿಳಿಯದು. ಪ್ರಮಾಣ ಮುರಿದರೆ ಅವನು ಮತ್ತೆ ಬರುವುದಿಲ್ಲ, ಮನೆಗೆ ಅವನ ಕಾವಲೂ ಇಲ್ಲ. ಹೀಗೆ ಸತ್ತವರೂ ಕುಟುಂಬದ ಒಂದು ಪಕ್ಷವಾದಾಗ ಕುಟುಂಬನಿಷ್ಠೆ ಎಂಬ ಮಾತೇ ಎರಡಾಗಿ ಸೀಳುತ್ತದೆ.

ಸಣ್ಣ ವಿವರವೊಂದು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುವ ವಾಡಿಕೆ. ಸಾವಾದರೆ ಒಂದರ ಬೆನ್ನಿಗೊಂದು ಎರಡು ಗುಂಡು. ಬೆಟ್ಟದಾಚೆಯ ನೆಂಟರಿಗೂ ತಿಳಿಯುತ್ತದೆ. ಯುದ್ಧ ಬಂದು ದಿನವಿಡೀ ಗುಂಡಿನ ಸದ್ದೇ ಆದಾಗ ಸಾವನ್ನು ಸಾರುವುದು ಹೇಗೆ? ನಿಮ್ಮ ಲೋಕದ ಜನ ಇದಕ್ಕೆ ಏನಾದರೂ ಹೊಸ ದಾರಿ ಕಂಡುಕೊಳ್ಳಲೇಬೇಕು. ಹತ್ತು ಪುಟದ ಯುದ್ಧವರ್ಣನೆಗಿಂತ ಅಂಥ ಒಂದು ವಿವರ ಹೆಚ್ಚು ಹೇಳುತ್ತದೆ.

ಕಟ್ಟಿದ್ದನ್ನೆಲ್ಲ ಕೆಡಿಸುವ ತಿರುವುಗಳು ಎರಡು. ಅರಸನೇ ನಾಯಕನ ತಂದೆಯ ಕೊಲೆಗಾರ ಎಂದು ಕೊನೆಗೆ ಬಯಲಾಗುವುದು ಒಂದು. ಅಲ್ಲಿಗೆ ಆಯ್ಕೆಯೇ ಉಳಿಯುವುದಿಲ್ಲ. ತಂಗಿಯ ಮನೆಯವರೆಲ್ಲ ದೇವರಂಥವರಾಗಿರುವುದು ಇನ್ನೊಂದು. ಭಾವ ಸಾಲಗಾರನೋ, ಕೋಪಿಷ್ಠನೋ ಆಗಿರಲಿ; ಅವನಿಗಾಗಿ ಪ್ರಮಾಣ ಮುರಿಯಬೇಕೇ ಎಂದು ನಾಯಕ ಹಲ್ಲು ಕಚ್ಚುವಂತಿರಲಿ.

ಯುದ್ಧ ಮುಗಿದ ಮೇಲೆ ಮೂರು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಪ್ರಮಾಣ ಮುರಿದ ಒಕ್ಕದ ಗದ್ದೆಯನ್ನು ಅರಸ ಹಿಂದಕ್ಕೆ ತೆಗೆದುಕೊಂಡು ಪಕ್ಕದ ಒಕ್ಕಕ್ಕೆ ಬರೆದುಕೊಡುತ್ತಾನೆ. ಮೊದಲ ವರ್ಷ ಅವರು ಸಂಕೋಚದಿಂದ ಅದನ್ನು ಬೀಳು ಬಿಡುತ್ತಾರೆ, ಕಂದಾಯ ಮಾತ್ರ ಕಟ್ಟುತ್ತಾರೆ. ಎರಡನೆಯ ವರ್ಷ ಹೊಟ್ಟೆಪಾಡು, ಉಳುತ್ತಾರೆ. ಪುತ್ತರಿಗೆ ಹಳೆಯ ಒಡೆಯರನ್ನು ಕರೆಯಬೇಕೇ ಬೇಡವೇ ಎಂದು ತಕ್ಕರ ಮುಂದೆ ಮಾತು ಬರುತ್ತದೆ. ಮೂರನೆಯ ವರ್ಷ ಮತ್ತೆ ದಂಡಿನ ಕರೆ. ಈಗ ಅವರ ಹೆಸರಿನಲ್ಲಿ ಎರಡು ಪಾಲು ಗದ್ದೆ, ಹಾಗಾಗಿ ಎರಡು ಪಾಲು ಗಂಡಸರನ್ನು ಕಳಿಸಬೇಕು. ಮನೆಯಲ್ಲಿರುವುದು ಎಂಟೇ ಜನ. ಉಳಿದವರನ್ನು ಕೇಳಲು ಅವರು ಹೋಗಬೇಕಾದ ಮನೆ ಯಾವುದೆಂದು ಊರಿಗೆಲ್ಲ ಗೊತ್ತು.